ಕೆಳಗಿಳಿಯುವ ಮೀನು, ಕಾದಿರುವ ಸೂಕ್ಷ್ಮಜೀವಿ

1942ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊ ಬಳಿ ಯುದ್ಧಕಾಲದ ಸೋನಾರ್ ಪರೀಕ್ಷೆ ನಡೆಯುತ್ತಿತ್ತು. ಕಡಲ ತಳ ಇನ್ನೂ ಎಷ್ಟೋ ಕೆಳಗಿದ್ದರೂ ಕೆಲವು ನೂರು ಮೀಟರ್ ಆಳದಿಂದಲೇ ಪ್ರತಿಧ್ವನಿ ಬರತೊಡಗಿತು. ಈ ‘ಹುಸಿ ತಳ’ ಸಂಜೆ ಮೇಲೇರಿ ನಸುಕಿನಲ್ಲಿ ಇಳಿಯುತ್ತದೆ, ಆದ್ದರಿಂದ ಅದು ಜೀವಿಗಳ ಪದರವೇ ಇರಬೇಕು ಎಂದು ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ಮಾರ್ಟಿನ್ ಜಾನ್ಸನ್ 1945ರಲ್ಲಿ ತೋರಿಸಿದರು. ಶಬ್ದವನ್ನು ಹಿಂದಕ್ಕೆ ಕಳಿಸುತ್ತಿದ್ದುದರಲ್ಲಿ ಸಣ್ಣ ಮೀನುಗಳ ಗಾಳಿಚೀಲಗಳ ಪಾಲು ದೊಡ್ಡದೆಂದು ಆಮೇಲೆ ತಿಳಿಯಿತು.

ಅವುಗಳಲ್ಲಿ ಮುಖ್ಯವಾದದ್ದು ಲಾಂದ್ರ ಮೀನು. ಬೆರಳುದ್ದದ ಮೈ, ದೊಡ್ಡ ಕಣ್ಣು, ಹೊಟ್ಟೆಯ ಕೆಳಗೆ ಸಾಲುಸಾಲು ಬೆಳಕಿನ ಚುಕ್ಕೆ. ಕತ್ತಲಾದ ಮೇಲೆ ಮೇಲಿನ ನೂರು ಮೀಟರಿಗೆ ಬಂದು ನೀರಿನಲ್ಲಿ ತೇಲುವ ಪುಟ್ಟ ಪ್ರಾಣಿಗಳಾದ ಪ್ರಾಣಿಪ್ಲವಕಗಳನ್ನು ತಿನ್ನುತ್ತದೆ. ಬೆಳಗಾಗುವ ಮೊದಲು ಕತ್ತಲೆಯ ಆಳಕ್ಕೆ ಮರಳುತ್ತದೆ. ಮೇಲೆ ಉಂಡದ್ದನ್ನು ಕೆಳಗೆ ಅರಗಿಸಿಕೊಂಡು ಹಿಕ್ಕೆ ಹಾಕುತ್ತದೆ, ಕಿವಿರಿನಿಂದ ಅಮೋನಿಯ ಬಿಡುತ್ತದೆ.

ಈ ಸರಕು ಯಾರಿಗೆ ಸಲ್ಲುತ್ತದೆ ಎಂದು ಆ ದಿನಗಳಲ್ಲಿ ಹೆಚ್ಚು ಯೋಚಿಸಿದವರಿಲ್ಲ. ಸೂಕ್ಷ್ಮಜೀವಿಗಳ ಅಧ್ಯಯನ ಬೇರೆಯೇ ಜಾಡಿನಲ್ಲಿ ಸಾಗಿತ್ತು. ನೀರಿನಲ್ಲಿ ಕರಗಿದ ಇಂಗಾಲವನ್ನು ಬ್ಯಾಕ್ಟೀರಿಯಾಗಳು ಮತ್ತೆ ಆಹಾರ ಸರಪಳಿಗೆ ತರುತ್ತವೆ ಎಂಬ ‘ಸೂಕ್ಷ್ಮಜೀವಿ ಕುಣಿಕೆ’ಯನ್ನು ಫಾರೂಕ್ ಆಜಮ್ ಮತ್ತು ಸಂಗಡಿಗರು 1983ರಲ್ಲಿ ಮಂಡಿಸಿದರು. 2001ರಲ್ಲಿ ಆಳ ಸಾಗರದಲ್ಲಿ ಆರ್ಕಿಯಾ ಎಂಬ, ಬ್ಯಾಕ್ಟೀರಿಯಾಗಳಿಗಿಂತ ಬೇರೆ ಬಗೆಯ ಸೂಕ್ಷ್ಮಜೀವಿಗಳು ಅಪಾರವಾಗಿವೆ ಎಂದು ಗೊತ್ತಾಯಿತು. ಅಮೋನಿಯವನ್ನು ಉತ್ಕರ್ಷಿಸಿ ಬದುಕುವ ಅವುಗಳ ಬಳಗದ ಒಂದನ್ನು 2005ರಲ್ಲಿ ಸಿಯಾಟಲ್‌ನ ಅಕ್ವೇರಿಯಂ ತೊಟ್ಟಿಯೊಂದರಿಂದ ಬೇರ್ಪಡಿಸಿದರು. ಇತ್ತ ಮೀನು ಅಮೋನಿಯ ಬಿಡುತ್ತಿದೆ, ಅತ್ತ ಅದನ್ನೇ ನಂಬಿದ ಜೀವಿ ಇದೆ: ಎರಡು ಜಾಡುಗಳು ಇಲ್ಲಿ ಹತ್ತಿರ ಬಂದವು.

ಕೊಂಡಿ ಬಿದ್ದದ್ದು ಮುಂದಿನ ದಶಕದಲ್ಲಿ. ಬ್ಯಾಕ್ಟೀರಿಯಾಗಳು ಪ್ರಾಣಿಪ್ಲವಕಗಳ ಮೈಗೆ ಅಂಟಿಕೊಂಡು, ತಾವಾಗಿ ದಾಟಲಾರದ ನೀರಿನ ಪದರಗಳನ್ನು ದಾಟುತ್ತವೆ ಎಂದು 2010ರ ಪ್ರಯೋಗಗಳು ತೋರಿದವು. 2012ರಲ್ಲಿ ಕೆಂಪು ಸಮುದ್ರದ ಐಲಾತ್‌ನಲ್ಲಿ ನಡೆದ ಕೆಲಸ ಇನ್ನೂ ಸೊಗಸಾದುದು. ಹೊಳೆಯುವ ಬ್ಯಾಕ್ಟೀರಿಯಾ ತಿಂದ ಪ್ಲವಕವೂ ಹೊಳೆಯಿತು. ಆ ಹೊಳಪನ್ನು ಹಿಡಿದು ಮೀನು ಕತ್ತಲಲ್ಲೇ ಅದನ್ನು ನುಂಗಿತು. ಬ್ಯಾಕ್ಟೀರಿಯಾಗಳಲ್ಲಿ ಕೆಲವು ಮೀನಿನ ಕರುಳನ್ನೂ ದಾಟಿ ಜೀವಂತ ಹೊರಬಂದವು. ಅಂದರೆ ಮೀನು ಅನ್ನವನ್ನಷ್ಟೇ ಅಲ್ಲ, ಉಣ್ಣುವವರನ್ನೂ ಹೊತ್ತೊಯ್ಯಬಲ್ಲದು. ಆಳದಲ್ಲಿ ಹೇರಳವಾಗಿರುವ ಸೂಕ್ಷ್ಮಜೀವಿಗಳು ಮೇಲ್ಪದರದಲ್ಲೂ ಇವೆ ಎಂದು 2018ರಲ್ಲಿ ಮಲಾಸ್ಪಿನಾ ಎಂಬ ಸಾಗರ ಸಂಶೋಧನಾ ಯಾನದ ಮಾದರಿಗಳು ಹೇಳಿದವು. ಆದರೆ ಅಲ್ಲಿ ಎದ್ದು ಕಂಡ ವಾಹನ ಮುಳುಗುವ ಕಣಗಳು. ಮೀನಿನ ಹಿಕ್ಕೆ ಅವುಗಳಲ್ಲಿ ಒಂದು ಬಗೆ ಮಾತ್ರ. ಇಂಥ ಕಣ ಬಿದ್ದಲ್ಲಿ ಬೇಗ ಬೆಳೆಯುವ ಬ್ಯಾಕ್ಟೀರಿಯಾ ಮುತ್ತುತ್ತವೆ. ಸುತ್ತಲಿನ ಬಡನೀರಿನಲ್ಲಿ ನಿಧಾನವಾಗಿ ಬದುಕುವವು ಉಳಿಯುತ್ತವೆ. ಒಂದೇ ಆಳದಲ್ಲಿ ಎರಡು ಬಗೆಯ ಸಂಸಾರ.

ನಮ್ಮ ಅರಬ್ಬೀ ಸಮುದ್ರ ಈ ಕಥೆಯ ದೊಡ್ಡ ಪ್ರಯೋಗಶಾಲೆ. ಅಲ್ಲಿ ಸುಮಾರು 150ರಿಂದ 1,000 ಮೀಟರ್ ಆಳದವರೆಗೆ ಆಮ್ಲಜನಕ ತೀರಾ ಕಡಿಮೆ. ಆದರೂ ಲಾಂದ್ರ ಮೀನುಗಳು ಹಗಲನ್ನು ಅಲ್ಲೇ ಕಳೆಯುತ್ತವೆ. ವಲಸೆ ಜೀವಿಗಳ ಉಸಿರಾಟ ಇಂಥ ಪದರಗಳ ಆಮ್ಲಜನಕವನ್ನು ಇನ್ನಷ್ಟು ಕುಗ್ಗಿಸುತ್ತದೆ ಎಂದು ಡ್ಯಾನಿಯೆಲೆ ಬಿಯಾಂಕಿ ತಂಡ 2013ರಲ್ಲಿ ಲೆಕ್ಕ ಹಾಕಿತು. ಅವು ಬಿಡುವ ಅಮೋನಿಯವು ಅನಾಮಾಕ್ಸ್ ಬ್ಯಾಕ್ಟೀರಿಯಾಗಳಿಗೆ ಮೇವಾಗುತ್ತದೆ ಎಂಬುದು ಮರುವರ್ಷದ ಪ್ರತಿಪಾದನೆ. ಈ ಬ್ಯಾಕ್ಟೀರಿಯಾ ಅಮೋನಿಯವನ್ನೂ ನೈಟ್ರೈಟನ್ನೂ ಸೇರಿಸಿ ಸಾರಜನಕ ಅನಿಲ ಮಾಡಿಬಿಡುತ್ತವೆ. ಕಡಲ ಗೊಬ್ಬರ ಗಾಳಿಪಾಲಾಗುತ್ತದೆ.

ಇಂಥ ಮೀನು ಎಷ್ಟಿದೆ? 1980ರ ಅಂದಾಜು ಸುಮಾರು 100 ಕೋಟಿ ಟನ್. ಅದು ಬಲೆಗೆ ಸಿಕ್ಕ ಮೀನಿನ ಲೆಕ್ಕ. ಬಲೆ ಕಂಡೊಡನೆ ತಪ್ಪಿಸಿಕೊಂಡದ್ದು ಅದರಲ್ಲಿಲ್ಲ. ಶಬ್ದದಿಂದ ಅಳೆದ 2014ರ ಅಧ್ಯಯನ ಅದನ್ನು ಹತ್ತು ಪಟ್ಟು ಏರಿಸಿತು. ಅಂಕಿ ದೊಡ್ಡದಾದಷ್ಟೂ ಮೀನೆಣ್ಣೆ, ಮೀನುಹುಡಿ ಉದ್ಯಮದ ಕಣ್ಣು ಅತ್ತ ತಿರುಗುತ್ತದೆ. ಹಿಡಿದ ಮೀನಿನ ತೂಕ ಮಾರುಕಟ್ಟೆಗೆ ಸಿಗುತ್ತದೆ, ಅದು ರಾತ್ರಿ-ಹಗಲು ಹೊರುತ್ತಿದ್ದ ಸರಕಿನ ತೂಕವನ್ನು ಯಾವ ತಕ್ಕಡಿಯೂ ತೋರಿಸದು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ 2016ರಲ್ಲೇ ಲಾಂದ್ರ ಮೀನೂ ಸೇರಿ ಹಲವು ಸಣ್ಣ ಮೀನುಗಳ ಹೊಸ ಬೇಟೆಗೆ ತಡೆ ಬಿತ್ತು. ಅರಬ್ಬೀ ಸಮುದ್ರಕ್ಕೂ ಅಂಥ ಎಚ್ಚರ ಬಲೆ ಬೀಸುವ ಮೊದಲೇ ಬರಬೇಕು.