ಬಾಡಿಗೆಯ ಪುಸ್ತಕ, ಹೂಡಿಕೆಯ ವಸ್ತು: ಜಪಾನಿನ ಹಳೆಯ ಸಮುರಾಯ್ ಚಿತ್ರಕಥೆಗಳನ್ನು ಕುರಿತು

ಹಳೆಯ ಪುಸ್ತಕಗಳನ್ನು ಸಂಗ್ರಹಿಸುವವರಲ್ಲಿ ಎರಡು ಬಗೆಯವರುಂಟು. ಪುಸ್ತಕದಲ್ಲಿರುವುದು ಅಳಿಯದಿರಲೆಂದು ಸಂಗ್ರಹಿಸುವವರು ಒಂದು ಬಗೆ. ಇಂದು ಕೊಂಡದ್ದನ್ನು ನಾಳೆ ಹೆಚ್ಚಿನ ಬೆಲೆಗೆ ಮಾರಬೇಕೆಂದು ಸಂಗ್ರಹಿಸುವವರು ಇನ್ನೊಂದು ಬಗೆ. ಜಪಾನಿನಲ್ಲಿ ಮಾಂಗಾ ಎಂದು ಕರೆಯಲ್ಪಡುವ ಚಿತ್ರಕಥೆಗಳ ಪೈಕಿ, ಖಡ್ಗಧಾರಿಗಳಾದ ಸಮುರಾಯ್ ಯೋಧರನ್ನೂ ನಿಂಜಾ ಎಂಬ ಗೂಢಚಾರರನ್ನೂ ಕುರಿತ ಹಳೆಯ ಪುಸ್ತಕಗಳು ಈ ಎರಡೂ ಬಗೆಯವರ ಆಸಕ್ತಿಗೆ ಪಾತ್ರವಾಗಿವೆ. ಇವುಗಳಿಗೆ ಬೆಲೆ ಬಂದದ್ದು ಹೇಗೆ, ಆ ಬೆಲೆಯನ್ನು ಚರಿತ್ರಕಾರನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ವಿಚಾರ ಮಾಡುವುದು ಪ್ರಕೃತ ಲೇಖನದ ಉದ್ದೇಶ.

1945ರಲ್ಲಿ ಜಪಾನು ಸೋತ ಬಳಿಕ ಅಲ್ಲಿ ಸ್ಥಾಪಿತವಾದ ಮಿತ್ರರಾಷ್ಟ್ರಗಳ ಸೇನಾಡಳಿತವು, ಒಡೆಯನ ಮೇಲಣ ಕುರುಡು ನಿಷ್ಠೆಯನ್ನೂ ಸೇಡನ್ನೂ ಕೊಂಡಾಡುವ ಖಡ್ಗಕಥೆಗಳನ್ನು ಸಂದೇಹದಿಂದ ನೋಡಿತು. 1952ರಲ್ಲಿ ಆ ಆಡಳಿತವು ಕೊನೆಗೊಂಡಿತು. 1954ರಲ್ಲಿ ಫುಕುಯಿ ಎಯಿಚಿ ಆರಂಭಿಸಿದ ‘ಅಕಾದೋ ಸುಜುನೊಸುಕೆ’ ಎಂಬ ಬಾಲಯೋಧನ ಕಥೆಯು, ಕರ್ತೃವಿನ ಅಕಾಲಮರಣದ ನಂತರ ತಾಕೆಉಚಿ ತ್ಸುನಾಯೋಶಿಯ ಕೈಯಲ್ಲಿ ಮುಂದುವರಿದು ಬಹು ಜನಪ್ರಿಯವಾಯಿತು. ಖಡ್ಗಕಥೆಯು ಮತ್ತೆ ಮಕ್ಕಳ ಕೈಸೇರಿತು.

ಆದರೆ ಇಂದು ಸಂಗ್ರಾಹಕರು ಅರಸುವ ಪುಸ್ತಕಗಳಲ್ಲಿ ಹಲವು ಬೇರೊಂದು ವ್ಯವಸ್ಥೆಯಲ್ಲಿ ಹುಟ್ಟಿದವು. ನಮ್ಮ ಊರುಗಳಲ್ಲಿ ಹಿಂದೆ ಇದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳಂತೆ, ಯುದ್ಧಾನಂತರದ ಜಪಾನಿನ ಬೀದಿಗಳಲ್ಲಿ ‘ಕಾಶಿಹೋನ್’ ಅಂಗಡಿಗಳು, ಎಂದರೆ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳು, ತಲೆಯೆತ್ತಿದವು. ಪುಸ್ತಕವನ್ನು ಕೊಳ್ಳಲಾರದ ಮಕ್ಕಳೂ ಕಾರ್ಖಾನೆಯ ಎಳೆಯ ಕೆಲಸಗಾರರೂ ಕೆಲವೇ ಕಾಸು ತೆತ್ತು ಅಲ್ಲಿಂದ ಪುಸ್ತಕವನ್ನು ಒಯ್ದು ಓದುತ್ತಿದ್ದರು. ಈ ಅಂಗಡಿಗಳಿಗೆಂದೇ ಸಣ್ಣ ಪ್ರಕಾಶಕರು ಒರಟು ಕಾಗದದ ಮೇಲೆ, ಕೆಲವು ಸಾವಿರ ಪ್ರತಿಗಳ ಮಿತಿಯಲ್ಲಿ, ಚಿತ್ರಕಥೆಗಳನ್ನು ಅಚ್ಚುಹಾಕಿದರು. ಒಂದೊಂದು ಪ್ರತಿಯೂ ಹತ್ತಾರು ಕೈಗಳನ್ನು ದಾಟಿತು. ಸವೆಯುವುದೇ ಅದರ ಉಪಯೋಗವಾಗಿತ್ತು.

ಈ ವ್ಯವಸ್ಥೆಯ ಶ್ರೇಷ್ಠ ಕೃತಿಗಳಲ್ಲಿ ಶಿರಾಟೊ ಸಾನ್ಪೆಯ ‘ನಿಂಜಾ ಬುಗೇಚೋ’ ಒಂದು. 1932ರಲ್ಲಿ ಜನಿಸಿದ ಶಿರಾಟೊ, ಶ್ರಮಿಕರ ಕಲಾಚಳವಳಿಗೆ ಸೇರಿದ ಚಿತ್ರಕಾರನೊಬ್ಬನ ಮಗ. 1959ರಿಂದ 1962ರವರೆಗೆ 17 ಸಂಪುಟಗಳಲ್ಲಿ ಹೊರಬಂದ ಈ ಕೃತಿಯು ಹದಿನಾರನೆಯ ಶತಮಾನದ ರೈತರ ದಂಗೆಗಳನ್ನು ಚಿತ್ರಿಸುತ್ತದೆ. ಇಲ್ಲಿ ವೀರನು ಪ್ರಭುವಿನ ಸೇವಕನಲ್ಲ. ಪ್ರಭುಗಳ ವಿರುದ್ಧ ಎದ್ದವನು. ಅಮೆರಿಕದೊಡನೆ ಮಾಡಿಕೊಂಡ ಭದ್ರತಾ ಒಪ್ಪಂದದ ವಿರುದ್ಧ 1960ರಲ್ಲಿ ಬೀದಿಗಿಳಿದ ತಲೆಮಾರಿನ ವಿದ್ಯಾರ್ಥಿಗಳು ಈ ಕೃತಿಯನ್ನು ಆಸಕ್ತಿಯಿಂದ ಓದಿದರು ಎಂಬುದು ಆಶ್ಚರ್ಯವಲ್ಲ. 1967ರಲ್ಲಿ ಓಶಿಮಾ ನಾಗಿಸಾ ಈ ಚಿತ್ರಗಳನ್ನೇ ಕ್ಯಾಮೆರಾದ ಮುಂದಿಟ್ಟು ಒಂದು ಚಲನಚಿತ್ರವನ್ನು ನಿರ್ಮಿಸಿದನು.

1959ರಲ್ಲೇ ಎರಡು ದೊಡ್ಡ ಬಾಲವಾರಪತ್ರಿಕೆಗಳು ಆರಂಭವಾದವು. ದೂರದರ್ಶನವೂ ಮನೆಗಳನ್ನು ಹೊಕ್ಕಿತು. ಕುಟುಂಬಗಳ ಆದಾಯವೂ ಏರಿತು. ಬಾಡಿಗೆಯ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಶಿರಾಟೊ ಮೊದಲಾದವರು 1964ರಲ್ಲಿ ಸ್ಥಾಪಿತವಾದ ‘ಗಾರೊ’ ಮಾಸಪತ್ರಿಕೆಗೆ ಬಂದರು. ಅಂಗಡಿಗಳಲ್ಲಿ ಉಳಿದ ಸರಕಿನ ಬಹುಭಾಗ ರದ್ದಿಯಾಯಿತು. ಇಂದಿನ ಬೆಲೆಯ ಮೂಲ ಇಲ್ಲಿದೆ. ಪ್ರತಿಗಳು ವಿರಳವಾದದ್ದು ಯಾರೂ ಅವನ್ನು ಅಮೂಲ್ಯವೆಂದು ಎಣಿಸದೆ ಇದ್ದುದರಿಂದ.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನವನ್ನೂ ನೋಡಬೇಕು. ಕೊಯಿಕೆ ಕಾಜುಓ ಬರೆದು ಕೊಜಿಮಾ ಗೋಸೆಕಿ ಚಿತ್ರಿಸಿದ ‘ಕೊಜುರೆ ಓಕಾಮಿ’ 1970ರಿಂದ 1976ರವರೆಗೆ ಪ್ರಕಟವಾಯಿತು. ಎಳೆಯ ಮಗನೊಡನೆ ಅಲೆಯುವ ಸಮುರಾಯ್ ಒಬ್ಬನ ಈ ಕಥೆಯ ಕೀರ್ತಿಯು, 1987ರಲ್ಲಿ ಆರಂಭವಾದ ಇಂಗ್ಲಿಷ್ ಆವೃತ್ತಿಯ ಮೂಲಕ ಅಮೆರಿಕವನ್ನೂ ಮುಟ್ಟಿತು. ಆದರೆ ಇದರ 28 ಸಂಪುಟಗಳು ಬಹುಸಂಖ್ಯೆಯಲ್ಲಿ ಅಚ್ಚಾಗಿ ಮನೆಮನೆಯಲ್ಲಿ ಉಳಿದುದರಿಂದ, ಸಾಮಾನ್ಯ ಪ್ರತಿಗಳು ವಿರಳವಲ್ಲ. ಕೀರ್ತಿಯೊಂದೇ ಬೆಲೆಯನ್ನು ತರಲಾರದೆಂದು ಇದರಿಂದ ತಿಳಿಯುತ್ತದೆ.

ಹಳೆಯ ಮಾಂಗಾಗಳಿಗೆ ವ್ಯವಸ್ಥಿತವಾದ ಮಾರುಕಟ್ಟೆ ಬೆಳೆದದ್ದು ತಡವಾಗಿ. ಸ್ವತಃ ಚಿತ್ರಕಥಾಕಾರನಾಗಿದ್ದ ಫುರುಕಾವಾ ಮಾಸುಜೋ 1980ರಲ್ಲಿ ಟೋಕಿಯೊದ ನಾಕಾನೊದಲ್ಲಿ ತೆರೆದ ‘ಮಂದರಾಕೆ’ ಅಂಗಡಿಯು ಇದರಲ್ಲಿ ಮುಖ್ಯವಾದುದು. 2018ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ತೆಜುಕಾ ಒಸಾಮುವಿನ ಒಂದು ಮೂಲಚಿತ್ರಪುಟವು 2,69,400 ಯೂರೋಗಳಿಗೆ ಮಾರಾಟವಾಯಿತು. ಅದು ಸಮುರಾಯ್ ಕಥೆಯದಲ್ಲ, ಅಚ್ಚಿನ ಪ್ರತಿಯೂ ಅಲ್ಲ. ಆದರೂ ಹೂಡಿಕೆದಾರರ ಕಣ್ಣು ಎತ್ತ ತಿರುಗಿದೆಯೆಂಬುದಕ್ಕೆ ಸಾಕ್ಷಿ.

ಬೆಲೆಯು ಕೃತಿಯ ಯೋಗ್ಯತೆಯನ್ನು ಅಳೆಯುವುದಿಲ್ಲ ಎಂಬುದಕ್ಕೆ ಹಿರಾತಾ ಹಿರೋಶಿಯ ‘ಚಿದಾರುಮಾ ಕೆನ್‌ಪೋ’ ಒಳ್ಳೆಯ ಉದಾಹರಣೆ. 1962ರಲ್ಲಿ ಬಾಡಿಗೆ ಅಂಗಡಿಗಳಿಗಾಗಿ ಪ್ರಕಟವಾದ ಈ ಪುಸ್ತಕವು ಜಪಾನಿನಲ್ಲಿ ಅಸ್ಪೃಶ್ಯತೆಗೆ ಸಮಾನವಾದ ತಾರತಮ್ಯವನ್ನು ಅನುಭವಿಸಿದ ಬುರಾಕು ಸಮುದಾಯವನ್ನು ಚಿತ್ರಿಸಿದ ರೀತಿಗೆ ತೀವ್ರ ಪ್ರತಿಭಟನೆ ಒದಗಿತು, ಪ್ರತಿಗಳನ್ನು ಹಿಂತೆಗೆದುಕೊಳ್ಳಲಾಯಿತು. ಅಳಿದುಳಿದ ಪ್ರತಿಗಳು ಸಂಗ್ರಾಹಕರಿಗೆ ದುರ್ಲಭ ವಸ್ತುಗಳಾದವು. 2004ರಲ್ಲಿ ಪುನರ್ಮುದ್ರಣವಾದ ಮೇಲೆಯೇ ಸಾಮಾನ್ಯ ಓದುಗನಿಗೆ ಅದರ ಗುಣದೋಷಗಳನ್ನು ತಾನೇ ತೂಗಿನೋಡುವ ಅವಕಾಶ ದೊರೆತದ್ದು. ಒಂದು ಸಮುದಾಯದ ನೋವಿನಿಂದ ಹುಟ್ಟಿದ ವಿರಳತೆಯನ್ನು ಮಾರುಕಟ್ಟೆಯು ಬರಿಯ ವಿರಳತೆಯೆಂದೇ ಎಣಿಸಿತು.

ಹೂಡಿಕೆದಾರನಿಗೂ ಚರಿತ್ರಕಾರನಿಗೂ ಇರುವ ವ್ಯತ್ಯಾಸವು ಪ್ರತಿಯೊಂದನ್ನು ಪರೀಕ್ಷಿಸುವಾಗ ಸ್ಪಷ್ಟವಾಗುತ್ತದೆ. ಅಂಗಡಿಯ ಮುದ್ರೆ, ಬಿಗಿಯಾಗಿರಲೆಂದು ಮತ್ತೆ ಹಾಕಿದ ಹೊಲಿಗೆ, ಬೆರಳಿನ ಕಲೆ, ಇವೆಲ್ಲವೂ ಹೂಡಿಕೆದಾರನ ಲೆಕ್ಕದಲ್ಲಿ ಬೆಲೆಯನ್ನು ಇಳಿಸುವ ದೋಷಗಳು. ಚರಿತ್ರಕಾರನಿಗಾದರೋ ಇವೇ ಆಧಾರಗಳು: ಪುಸ್ತಕವು ಯಾವ ಬೀದಿಯಲ್ಲಿತ್ತು, ಎಷ್ಟು ಕೈಗಳನ್ನು ದಾಟಿತು ಎಂಬುದನ್ನು ಇವು ಹೇಳುತ್ತವೆ. ಯಾರೂ ಮುಟ್ಟದ ಪ್ರತಿಯು ಯಾರೂ ಓದದ ಪ್ರತಿ. ಅಲ್ಲದೆ, ಅಗ್ಗದ ಕಾಗದವು ತನ್ನೊಳಗಿನ ಆಮ್ಲದಿಂದಲೇ ಹಳದಿಯಾಗಿ ಪುಡಿಯಾಗುತ್ತದೆ. ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಬಂಡವಾಳವೂ ಸವೆಯದೆ ಇರಲಾರದು.

ಹಾಗೆಂದು ಖಾಸಗಿ ಸಂಗ್ರಾಹಕನನ್ನು ಹಳಿಯುವುದು ನ್ಯಾಯವಲ್ಲ. ವಿದ್ಯಾಸಂಸ್ಥೆಗಳು ಇವನ್ನು ಕಸವೆಂದು ಬಗೆದ ಕಾಲದಲ್ಲಿ ಉಳಿಸಿದವರು ಇಂಥವರೇ. ಬಾಡಿಗೆಯ ಅಂಗಡಿಯನ್ನು ನಡೆಸುತ್ತಿದ್ದ ನಾಯಿಕಿ ತೋಶಿಓ ತನ್ನ ಸಂಗ್ರಹವನ್ನು ಆಧಾರವಾಗಿಟ್ಟುಕೊಂಡು 1978ರಲ್ಲಿ ಟೋಕಿಯೊದಲ್ಲಿ ಒಂದು ಮಾಂಗಾ ಗ್ರಂಥಾಲಯವನ್ನು ತೆರೆದನು. ಅವನು ಕೂಡಿಸಿದ ಸುಮಾರು 1,80,000 ಪುಸ್ತಕಗಳು ಕಾಲಾನಂತರ ಮೇಜಿ ವಿಶ್ವವಿದ್ಯಾನಿಲಯಕ್ಕೆ ಸೇರಿದವು. ಇವನ್ನು ಬಿಡಿಬಿಡಿಯಾಗಿ ಮಾರಿದ್ದರೆ ಹಣ ಬರುತ್ತಿತ್ತು; ಆದರೆ ಒಂದರ ಪಕ್ಕದಲ್ಲೊಂದನ್ನಿಟ್ಟು ಓದಿದಾಗ ಮಾತ್ರ ಕಾಣಿಸುವ ಒಂದು ತಲೆಮಾರಿನ ಮನಸ್ಸು ಚದುರಿಹೋಗುತ್ತಿತ್ತು. ಬಡವರ ಓದನ್ನು ಕುರಿತು ಸಂಶೋಧನೆ ಮಾಡತಕ್ಕವರು ಹರಾಜಿನ ಪಟ್ಟಿಗಿಂತ ಇಂಥ ಗ್ರಂಥಾಲಯದ ಪಟ್ಟಿಯನ್ನು ಮೊದಲು ನೋಡುವುದು ಮೇಲು.