53 ಸೆಕೆಂಡಿನ ವಿಮಾನ ಯಾರಿಗೋಸ್ಕರ?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರಾ? ನಿಮ್ಮ ಮುಂದಿನ ಸ್ಟಾಪ್ ಬರೋದ್ರೊಳಗೆ ಇವತ್ತಿನ ಕತೆಯ ವಿಮಾನ ಹಾರಿ, ಇಳಿದೂ ಆಗಿರುತ್ತೆ.

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ಅನ್ನೋ ದ್ವೀಪಗಳ ಗುಂಪು ಇದೆ. ಅಲ್ಲಿನ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ವಿಮಾನ ನಿಲ್ದಾಣಗಳ ನಡುವಿನ ದೂರ ಬರೀ 2.7 ಕಿ.ಮೀ. ಬೆಂಗಳೂರು ಏರ್‌ಪೋರ್ಟಿನ ಒಂದು ರನ್‌ವೇಯೇ 4 ಕಿ.ಮೀ. ಉದ್ದ ಇದೆ, ನೋಡಿ! ವೇಳಾಪಟ್ಟಿ ಪ್ರಕಾರ ಈ ಹಾರಾಟಕ್ಕೆ 2 ನಿಮಿಷ. ಪೈಲಟ್ ಸ್ಟುವರ್ಟ್ ಲಿಂಕ್ಲೇಟರ್ 53 ಸೆಕೆಂಡಲ್ಲಿ ಮುಗಿಸಿದ್ದು ದಾಖಲೆ.

ಇದನ್ನ ಕೇಳಿದವರೆಲ್ಲ ಮೊದಲು ನಗ್ತಾರೆ. ನಾನೂ ನಕ್ಕಿದ್ದೆ. ಬಿ.ಕಾಂ. ಓದಿದವನಲ್ವಾ, ಕಿಲೋಮೀಟರಿಗೆ ಎಷ್ಟು ಖರ್ಚು ಅಂತ ಲೆಕ್ಕ ಹಾಕೋಕೆ ಕೂತೆ. ಆದ್ರೆ ಈ ಮಾರ್ಗದ ಇತಿಹಾಸ ಓದಿದ ಮೇಲೆ ನನ್ನ ಲೆಕ್ಕವೇ ತಪ್ಪು ಅನ್ನಿಸ್ತು.

ಆರ್ಕ್ನಿಯ ಸುತ್ತಲಿನ ಸಮುದ್ರ ಬಹಳ ಒರಟು. 1933ರಲ್ಲಿ ಕ್ಯಾಪ್ಟನ್ ಫ್ರೆಸನ್ ಇನ್ವರ್ನೆಸ್‌ನಿಂದ ಆರ್ಕ್ನಿಯ ಮುಖ್ಯ ಊರಾದ ಕರ್ಕ್‌ವಾಲ್‌ಗೆ ವಿಮಾನ ಶುರುಮಾಡಿದ. ಮರುವರ್ಷ ಅದೇ ದಾರಿಯಲ್ಲಿ ಅಂಚೆಯೂ ಆಕಾಶಕ್ಕೆ ಏರಿತು. 1962ರಲ್ಲಿ ವಿಲ್ಲಿ ಲೋಗನ್ ಅನ್ನೋ ಕಂಟ್ರಾಕ್ಟರ್ ತನ್ನ ನಿರ್ಮಾಣ ಕಂಪನಿಯ ಓಡಾಟಕ್ಕೆ ಒಂದು ಏರ್‌ಟ್ಯಾಕ್ಸಿ ಇಟ್ಟ. ಅದೇ ಲೋಗನ್‌ಏರ್ ಕಂಪನಿ. 1967ರಲ್ಲಿ ಅದು ಆರ್ಕ್ನಿಯ ದ್ವೀಪದಿಂದ ದ್ವೀಪಕ್ಕೆ ಹಾರೋಕೆ ಶುರುಮಾಡಿತು. ಈಗ ಓಡೋದು ಐಲ್ಯಾಂಡರ್ ಅನ್ನೋ ಪುಟಾಣಿ ವಿಮಾನ, ಪ್ರಯಾಣಿಕರು ಹೆಚ್ಚೆಂದರೆ ಎಂಟೊಂಬತ್ತು ಜನ.

ಅಸಲಿ ವಿಷಯ ಇಲ್ಲಿದೆ. ಈ 2 ನಿಮಿಷ ಒಂದು ಪ್ರತ್ಯೇಕ ಪ್ರಯಾಣವೇ ಅಲ್ಲ. ಕರ್ಕ್‌ವಾಲ್‌ನಿಂದ ಹೊರಟ ವಿಮಾನ ಒಂದು ದ್ವೀಪದಲ್ಲಿ ಇಳಿದು, ಪಕ್ಕದ ದ್ವೀಪಕ್ಕೂ ಹೋಗಿ ವಾಪಸ್ ಬರುತ್ತೆ. ನಮ್ಮ ಹಳ್ಳಿ ಬಸ್ಸು ಮುಖ್ಯ ರಸ್ತೆ ಬಿಟ್ಟು ಒಳಗಿನ ಊರಿಗೆ ಹೋಗಿ ಬರೋಲ್ವಾ, ಹಾಗೇ.

2011ರ ಜನಗಣತಿಯಲ್ಲಿ ಪಾಪಾ ವೆಸ್ಟ್ರೇಯಲ್ಲಿದ್ದವರು 90 ಜನ. ಇಷ್ಟು ಜನರ ಟಿಕೆಟ್ ದುಡ್ಡಲ್ಲಿ ವಿಮಾನ ನಡೆಯಲ್ಲ. ಅದಕ್ಕೇ ಅಲ್ಲಿನ ಸ್ಥಳೀಯ ಆಡಳಿತ ಕೈಯಿಂದ ಹಣ ಹಾಕುತ್ತೆ. ಯಾಕಂದ್ರೆ ಡಾಕ್ಟರು ಬರೋದು, ಮೇಷ್ಟ್ರು ಬರೋದು, ರೋಗಿಗಳು ಪಟ್ಟಣಕ್ಕೆ ಹೋಗೋದು ಇದರಲ್ಲೇ. ವಿಮಾನ ನಿಂತರೆ ಮೊದಲು ಮೇಷ್ಟ್ರು ಬರೋದು ಕಷ್ಟ ಆಗುತ್ತೆ, ಆಮೇಲೆ ಮಕ್ಕಳಿರೋ ಮನೆಗಳು ಊರು ಬಿಡೋಕೆ ಯೋಚಿಸ್ತವೆ.

ನಮ್ಮಲ್ಲೂ 2017ರಿಂದ ಉಡಾನ್ ಯೋಜನೆಯ ವಿಮಾನಗಳು ಹಾರ್ತಿವೆ. ಕಲಬುರಗಿ, ಬೀದರ್‌ಗೆ ವಿಮಾನ ಬಂದದ್ದು ಇದರಲ್ಲೇ. ಆದ್ರೆ ಒಂದು ಮಾರ್ಗದ ನಷ್ಟ ತುಂಬಿಕೊಡೋ ಹಣಕ್ಕೆ 3 ವರ್ಷದ ಗಡುವು. ಅಷ್ಟರಲ್ಲಿ ಆ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು. ಕೆಲವು ನಿಲ್ಲಬಹುದು. ನಿಲ್ಲದೇ ಇರೋದನ್ನ ಏನು ಮಾಡೋದು? ಆರ್ಕ್ನಿ ಇದಕ್ಕೆ ಒಂದು ಉತ್ತರ ಕೊಟ್ಟಿದೆ: ಅದನ್ನ ನಷ್ಟ ಅಂತ ಕರೆಯದೆ, ರಸ್ತೆ ರಿಪೇರಿ ಖರ್ಚಿನ ಹಾಗೆ ನೋಡೋದು.

ನಮ್ಮೂರಿನ ರಾತ್ರಿ ಬಸ್ಸು 'ಕಲೆಕ್ಷನ್ ಇಲ್ಲ' ಅಂತ ನಿಂತಾಗ ನಾನು ಕಾಸ್ಟಿಂಗ್ ಪರೀಕ್ಷೆಗೆ ಓದ್ತಾ ಇದ್ದೆ. ಸರಿಯಾದ ನಿರ್ಧಾರ ಅಂತಲೇ ವಾದ ಮಾಡಿದ್ದೆ. ಅಜ್ಜಿ ಕೇಳಿದ್ದು ಒಂದೇ ಮಾತು: "ರಾತ್ರಿ ಯಾರಿಗಾದ್ರೂ ಹುಷಾರು ತಪ್ಪಿದ್ರೆ?"

ಆ ಪ್ರಶ್ನೆಗೆ ನನ್ನ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಮುಂದಿನ ವಾರ ಸಿಗೋಣ.