‘ರೈಸ್’ ಎಂಬ ಕುಲನಾಮದ ಮೂಲವಿಚಾರ

ಕರ್ಣಾಟಕದ ಶಾಸನಗಳನ್ನು ವ್ಯಾಸಂಗಮಾಡುವವರಿಗೆ ಬೆಂಜಮಿನ್ ಲೂಯಿಸ್ ರೈಸ್ (1837–1927) ಎಂಬವರ ಹೆಸರು ನಿತ್ಯಪರಿಚಿತವಾದುದು. ಬೆಂಗಳೂರಿನಲ್ಲಿಯೇ ಜನಿಸಿ, ‘ಎಪಿಗ್ರಾಫಿಯಾ ಕರ್ಣಾಟಿಕಾ’ ಸಂಪುಟಗಳ ಮೂಲಕ ಸಾವಿರಾರು ಶಾಸನಗಳನ್ನು ಬೆಳಕಿಗೆ ತಂದ ಮಹನೀಯರವರು. ಇಂಗ್ಲಿಷಿನಲ್ಲಿ ರೈಸ್ ಎಂದರೆ ಅಕ್ಕಿಯಷ್ಟೆ. ಆದುದರಿಂದ ಅವರ ಕುಲನಾಮವೂ ಧಾನ್ಯವಾಚಕವೆಂದು ತೋರುವುದು ಸಹಜ. ಆದರೆ ಧ್ವನಿಸಾಮ್ಯವೊಂದೇ ವ್ಯುತ್ಪತ್ತಿಗೆ ಪ್ರಮಾಣವಾಗಲಾರದು.

ಧಾನ್ಯವಾಚಕ ಶಬ್ದವು ಗ್ರೀಕರ ‘ಓರೂಜ’ದಿಂದ ಹೊರಟು ಲ್ಯಾಟಿನ್, ಫ್ರೆಂಚ್ ಭಾಷೆಗಳ ಮಾರ್ಗವಾಗಿ ಇಂಗ್ಲಿಷನ್ನು ಸೇರಿತು. ಕುಲನಾಮವಾದರೋ ಬಹುಮಟ್ಟಿಗೆ ವೇಲ್ಸ್ ದೇಶದ ‘ರೀಸ್’ ಎಂಬ ಅಂಕಿತನಾಮದ ರೂಪಾಂತರವು. ಅದಕ್ಕೆ ಉತ್ಸಾಹ, ಆವೇಶ ಎಂದು ಅರ್ಥ ಹೇಳುವರು. ದಕ್ಷಿಣ ವೇಲ್ಸಿನ ದೆಹೂಬಾರ್ಥ್ ರಾಜ್ಯವನ್ನಾಳಿದ ರೀಸ್ ಆಪ್ ಟೆವ್ಡುರ್ 1093 ರಲ್ಲಿ ಕಾಳಗದಲ್ಲಿ ಮಡಿದನು. ಅವನ ಮೊಮ್ಮಗನಾದ ರೀಸ್ ಆಪ್ ಗ್ರಿಫಿದ್ 1197 ರಲ್ಲಿ ತೀರಿಕೊಂಡನು. ತಾತನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿ ನಮ್ಮವರಿಗೆ ಹೊಸತಲ್ಲ.

ಇಲ್ಲಿಯ ‘ಆಪ್’ ಎಂಬುದಕ್ಕೆ ಮಗನೆಂದರ್ಥ. ಸಂಸ್ಕೃತಜ್ಞರಿಗೆ ಒಡನೆಯೇ ನಮ್ಮ ‘ಅಪತ್ಯ’ಶಬ್ದವು ನೆನಪಿಗೆ ಬಂದೀತು, ದಾಶರಥಿ, ವಾಸುದೇವ ಮೊದಲಾದ ಅಪತ್ಯಾರ್ಥಕ ನಾಮಗಳೂ ನೆನಪಾದಾವು. ಅರ್ಥದಲ್ಲಿ ಸಾಮ್ಯವುಂಟು, ಶಬ್ದದಲ್ಲಿಲ್ಲ. ಪೂರ್ವದಲ್ಲಿ ‘ಮಾಪ್’ ಎಂದಿದ್ದುದು ಆದ್ಯಕ್ಷರಲೋಪದಿಂದ ‘ಆಪ್’ ಆಯಿತು. ಐರ್ಲೆಂಡಿನವರ ‘ಮ್ಯಾಕ್’ ಇದರ ಸೋದರಶಬ್ದ. ಅಪತ್ಯವೋ ‘ಅಪ’ ಎಂಬ ಉಪಸರ್ಗದಿಂದ ಬೆಳೆದುದೆಂದು ಭಾಷಾಶಾಸ್ತ್ರಜ್ಞರ ಮತ. ಹೀಗೆ ಅಕ್ಕಿಯ ಭ್ರಮೆಯಿಂದ ತಪ್ಪಿಸಿಕೊಂಡ ಪಂಡಿತನು ಅಪತ್ಯದ ಭ್ರಮೆಯಲ್ಲಿ ಬೀಳದೆ ಇರಬೇಕು!

ವೇಲ್ಸಿನವರಿಗೆ ಮೊದಲು ಸ್ಥಿರವಾದ ಕುಲನಾಮವೇ ಇರಲಿಲ್ಲ. ತಂದೆಯ ಹೆಸರಿನೊಡನೆ ‘ಆಪ್’ ಸೇರಿಸಿ ಹೇಳುವುದೇ ಕ್ರಮ. 1536 ಮತ್ತು 1543 ರ ಶಾಸನಗಳಿಂದ ಇಂಗ್ಲೆಂಡಿನ ನ್ಯಾಯಪದ್ಧತಿಯು ಅಲ್ಲಿ ನೆಲಸಿದ ಮೇಲೆ ತಂದೆಯ ಹೆಸರೇ ಕ್ರಮಕ್ರಮವಾಗಿ ವಂಶನಾಮವಾಗಿ ನಿಂತಿತು. ‘ಆಪ್ ರೀಸ್’ ಎಂಬುದರ ಪಕಾರವು ಮುಂದಿನ ಪದಕ್ಕಂಟಿ ‘ಪ್ರೈಸ್’, ‘ಪ್ರೀಸ್’ ಎಂಬ ನಾಮಗಳು ಹುಟ್ಟಿದುವು. ‘ಆಪ್ ಹೌವೆಲ್’ ‘ಪೊವೆಲ್’ ಆದುದೂ ಇದೇ ನ್ಯಾಯದಿಂದ. ಹಾಗೆಂದ ಮೇಲೆ ಪ್ರೈಸ್ ಎಂಬವರ ಪೂರ್ವಿಕರು ಬೆಲೆ ಕಟ್ಟುವ ವರ್ತಕರಾಗಿದ್ದರೆಂದು ಊಹಿಸುವುದಕ್ಕೆ ಆಧಾರವಿಲ್ಲ.

ಇನ್ನು ಈಕಾರವು ಐಕಾರವಾದ ಬಗೆ. ಶಿವ–ಶೈವ ಎಂಬಲ್ಲಿಯ ವೃದ್ಧಿಯನ್ನು ಇದು ಹೋಲುವುದಾದರೂ, ಅಲ್ಲಿ ತದ್ಧಿತಪ್ರತ್ಯಯವು ನಿಮಿತ್ತ. ಇಲ್ಲಿ ಪ್ರತ್ಯಯವೇ ಇಲ್ಲ. ಹದಿನೈದನೆಯ ಶತಮಾನದಿಂದೀಚೆಗೆ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಸ್ಥಾನ ಬದಲಿಸಿದುವು. ಆ ಪ್ರವಾಹದಲ್ಲಿ ‘ರೀಸ್’ ಕೂಡ ‘ರೈಸ್’ ಆಯಿತು. ಹಳೆಯ ಉಚ್ಚಾರವನ್ನುಳಿಸಿಕೊಂಡ ಮನೆತನಗಳು ರೀಸ್ ಎಂದೇ ಉಳಿದುವು.

ತಂದೆಯ ಹೆಸರಿನಿಂದ ಬಂದ ಕುಲನಾಮವು ಅನೇಕ ಕಡೆಗಳಲ್ಲಿ ಬೇರೆಬೇರೆಯಾಗಿ ಹುಟ್ಟಬಲ್ಲದು. ಆದುದರಿಂದ ಶಾಸನಜ್ಞರಾದ ರೈಸರನ್ನು ದೆಹೂಬಾರ್ಥಿನ ಅರಸರ ವಂಶಕ್ಕೆ ಸೇರಿಸಹೊರಡುವುದು ಯುಕ್ತವಲ್ಲ. ಆ ಅರಸರೊಡನೆ ಸಂಬಂಧವನ್ನು ಹೇಳಿಕೊಳ್ಳುತ್ತಿದ್ದ ಡೈನೆವರ್ ಎಂಬ ಶ್ರೀಮಂತ ಮನೆತನವೂ ಬಹುಕಾಲ ರೈಸ್ ಎಂದೇ ಕರೆಯಿಸಿಕೊಂಡು, 1916 ರಲ್ಲಿ ಅದನ್ನು ಬಿಟ್ಟು ಪುನಃ ರೀಸ್ ಎಂಬ ಪ್ರಾಚೀನರೂಪವನ್ನು ಧರಿಸಿತು.